ಬೆರಳಿಗೆ ಸಿಕ್ಕ ಸಮುದ್ರ

ಸಮುದ್ರವನ್ನು ಕಣ್ಣಿನಿಂದ ಸವಿಯುವವರು ಬಹಳ. ಸಂಜೆ ದಂಡೆಗೆ ಹೋಗಿ ಕೂತು, ಸೂರ್ಯ ಮುಳುಗುವವರೆಗೆ ನೋಡಿ, ಕಾಲಿಗಂಟಿದ ಮರಳು ಕೊಡವಿ ಮನೆಗೆ ಬರುತ್ತೇವೆ. ಅದೂ ಸುಖವೇ. ಆದರೆ ಸಮುದ್ರವನ್ನು ಬೆರಳಿನಿಂದ ಸವಿಯುವ ಇನ್ನೊಂದು ಸುಖವಿದೆ, ಅದನ್ನು ಬಲ್ಲವರು ಕಡಿಮೆ. ದ್ವೀಪದ ಮರೆಯಲ್ಲಿ ಲಂಗರು ಬಿಟ್ಟ ಸಣ್ಣ ದೋಣಿ, ಬೆರಳ ಮೇಲೆ ಹಾದು ನೀರಿಗಿಳಿದ ಗಾಳದ ನೂಲು, ಆ ನೂಲು ಹಿಡಿದು ಉಸಿರು ಬಿಗಿಹಿಡಿದು ಕೂತ ಒಂದು ಮಗು: ಈ ಮೂರು ಕೂಡಿದಲ್ಲಿ ಆ ಸುಖ ಪೂರ್ತಿ ರುಚಿಯಲ್ಲಿ ಸಿಗುತ್ತದೆ. ದೊಡ್ಡವರು ತಾವೊಬ್ಬರೇ ಗಾಳ ಹಾಕಿದರೆ ಮೀನು ಸಿಗಬಹುದು. ಮಕ್ಕಳನ್ನು ಕೂರಿಸಿಕೊಂಡು ಹಾಕಿದರೆ ಸಮುದ್ರವೇ ಸಿಗುತ್ತದೆ ಎಂದು ನಾನು ನಂಬಿದ್ದೇನೆ. ಆ ನಂಬಿಕೆ ಬೆಳೆದದ್ದು ಕಾರವಾರದ ದ್ವೀಪಗಳ ಮಗ್ಗುಲಲ್ಲಿ.

ಜೋಯಿಡಾದ ಕಾಡಿನಲ್ಲಿ, ಡಿಗ್ಗಿಯ ಬಳಿ ಹುಟ್ಟುವ ಕಾಳಿ ನದಿ 184 ಕಿಲೋಮೀಟರ್ ಹರಿದು ಬಂದು ಸದಾಶಿವಗಡದ ಗುಡ್ಡಕ್ಕೂ ಕೋಡಿಬಾಗಕ್ಕೂ ನಡುವೆ ಕಡಲು ಸೇರುತ್ತದೆ. ಆ ಅಳಿವೆ ದಾಟಿ ನಾಲ್ಕೈದು ಕಿಲೋಮೀಟರ್ ಹೋದರೆ ಕೂರ್ಮಗಡ. ಆಮೆಯ ಆಕಾರದಿಂದಲೇ ಹೆಸರು ಪಡೆದ ಈ ನಡುಗಡ್ಡೆಯ ಮೇಲೆ ನರಸಿಂಹನ ಗುಡಿಯಿದೆ. ಪುಷ್ಯ ಹುಣ್ಣಿಮೆಯ ಜಾತ್ರೆಗೆ ಊರೂರಿನ ಜನ ದೋಣಿ ಹತ್ತಿ ಬರುತ್ತಾರೆ. ಇನ್ನೂ ಹೊರಗೆ ದೇವಗಡ, ಅದರ ನೆತ್ತಿಯಲ್ಲಿ ಬ್ರಿಟಿಷರ ಕಾಲದ ದೀಪಸ್ತಂಭ. ತೆಂಕಣಕ್ಕಿರುವ ಅಂಜುದೀವ್ ಈಗ ನೌಕಾನೆಲೆಯ ಪಾಲಾಗಿದೆ, ಅತ್ತ ದೋಣಿ ತಿರುಗಿಸುವಂತಿಲ್ಲ. ನಡುವೆ ಅಲ್ಲಲ್ಲಿ ತಲೆಯೆತ್ತಿ ನಿಂತ ಬಂಡೆಗಳು, ಭರತ ಬಂದಾಗ ಮುಳುಗಿ ಇಳಿತದಲ್ಲಿ ಮೈ ತೋರುವ ಕಲ್ಲುಗಳು. ಗಾಳ ಹಾಕುವವರಿಗೆ ಇವೆಲ್ಲ ಬಲ್ಲ ಮನೆಗಳು.

ಮಗುವಿಗೆ ಬರಿಯ ಸಮುದ್ರ ತೀರ ದೊಡ್ಡದು. ದಂಡೆಯಲ್ಲಿ ನಿಂತು ನೋಡಿದರೆ ಅದಕ್ಕೆ ಮೊದಲಿಲ್ಲ, ಕೊನೆಯಿಲ್ಲ, ಕಣ್ಣು ನಿಲ್ಲಲು ಜಾಗವಿಲ್ಲ. ಐದು ನಿಮಿಷ ನೋಡಿ ಮಗು ಮರಳಿನ ಗುಡಿ ಕಟ್ಟಲು ಕೂರುತ್ತದೆ. ದ್ವೀಪ ಬಂತೆಂದರೆ ಆ ಅಗಾಧಕ್ಕೆ ಒಂದು ಮೂಲೆ ಹುಟ್ಟುತ್ತದೆ. ಹೊರಗಡಲಿನಿಂದ ಬರುವ ಉಬ್ಬು ಅಲೆಯನ್ನು ದ್ವೀಪ ತನ್ನ ಪಡುವಣದ ಎದೆಯಲ್ಲಿ ತಡೆಯುತ್ತದೆ. ದಡದ ಕಡೆಯ ಮಗ್ಗುಲಲ್ಲಿ ನೀರು ತಣ್ಣಗೆ ತೂಗುತ್ತದೆ. ಸೆಳೆತ ಬಂಡೆಗೆ ಬಡಿದು ಎರಡಾಗಿ ಒಡೆದು, ಹಿಂದೆ ಮತ್ತೆ ಕೂಡುವಲ್ಲಿ ಸಣ್ಣ ಸುಳಿಗಳು ಏಳುತ್ತವೆ. ಬಂಡೆಯ ಬುಡಕ್ಕೆ ಸಿಂಪಿ, ಚಿಪ್ಪು, ಪಾಚಿ. ಅವನ್ನು ಮೇಯುವ ಏಡಿ, ಸಣ್ಣ ಸಿಗಡಿ. ಅವುಗಳ ಹಿಂದೆ ಮೀನು. ಬಂಡೆ ಮುಗಿದು ಮರಳು ಶುರುವಾಗುವ ಗೆರೆಯಲ್ಲಿ ಎರಡೂ ಕಡೆಯ ಮೀನುಗಳ ಓಡಾಟ. ಇಷ್ಟನ್ನೆಲ್ಲ ಒಂದೇ ಜಾಗದಲ್ಲಿ ಕೂತು ತೋರಿಸಬಹುದು. ‘ಅಲ್ಲಿ ಕಲ್ಲು, ಇಲ್ಲಿ ಮರಳು, ನಡುವೆ ನಿನ್ನ ಗಾಳ’ ಎಂದರೆ ಎಂಟು ವರ್ಷದ ಹುಡುಗಿಗೆ ಸಮುದ್ರದ ವಿಳಾಸ ಸಿಕ್ಕ ಹಾಗೆ.

ಯಾವ ದಿನ ಹೊರಡುವುದೆಂಬುದನ್ನು ದೋಣಿಯವರೇ ಹೇಳಬೇಕು. ನಮ್ಮನ್ನು ಕರೆದೊಯ್ಯುವವರು ಹುಟ್ಟಿನಿಂದ ಕಡಲಿನವರು. ಮಕ್ಕಳು ಅವರನ್ನು ಮಾಮ ಎಂದು ಕರೆಯುತ್ತಾರೆ. ಮಾಮ ಮೊದಲು ನೋಡುವುದು ಗೋಡೆಯ ಕ್ಯಾಲೆಂಡರಿನ ತಿಥಿ. ಹುಣ್ಣಿಮೆ, ಅಮಾವಾಸ್ಯೆಗೆ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ, ಸೆಳೆತ ಜೋರು. ಅಷ್ಟಮಿಯ ಸುತ್ತ ನೀರಿಗೆ ಆಲಸ್ಯ, ಮೀನಿಗೂ ಆಲಸ್ಯ. ಭರತ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಈ ಲೆಕ್ಕ ಹಿಡಿದು ಅವರು ಹುಣ್ಣಿಮೆ ಕಳೆದ ಬಿದಿಗೆಯನ್ನೋ ತದಿಗೆಯನ್ನೋ ಆರಿಸುತ್ತಾರೆ. ಆ ಬೆಳಗ್ಗೆ ಏಳರ ಆಸುಪಾಸಿಗೆ ಇಳಿತ ಮುಗಿದು ನೀರು ನಿಧಾನ ಏರತೊಡಗುತ್ತದೆ. ಏರುವ ನೀರಿನ ಜೊತೆ ಮೀನು ಬಂಡೆಯ ಬುಡಕ್ಕೆ ಮೇಯಲು ಬರುತ್ತದೆ. ಗಾಳಿಯೂ ಹಾಗೆಯೇ ಹೊತ್ತು ನೋಡಿ ಬೀಸುತ್ತದೆ. ರಾತ್ರಿಯಿಡೀ ತಣಿದ ನೆಲದಿಂದ ಕಡಲಿಗೆ ಹೋಗುವ ಗಾಳಿ ಬೆಳಗಿನ ಹೊತ್ತು ನೀರನ್ನು ಸಪಾಟಾಗಿ ಇಡುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಕಡಲ ಗಾಳಿ ತಿರುಗಿ ಬೀಸುತ್ತದೆ. ಅಷ್ಟರೊಳಗೆ ಮಕ್ಕಳನ್ನು ದಡ ಮುಟ್ಟಿಸಬೇಕು. ನವೆಂಬರಿನಿಂದ ಫೆಬ್ರುವರಿಯವರೆಗೆ ಇಂಥ ಬೆಳಗುಗಳು ಧಾರಾಳ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ ಕಾಲದ ಕಡಲಿಗೆ ಮಕ್ಕಳನ್ನು ಒಯ್ಯುವ ಮಾತೇ ಇಲ್ಲ.

ಹತ್ತುವ ಮೊದಲು ಲೈಫ್ ಜಾಕೆಟ್. ಇದರಲ್ಲಿ ಯಾವ ರಿಯಾಯಿತಿಯೂ ಸಲ್ಲದು. 2019ರ ಜನವರಿಯಲ್ಲಿ ಕೂರ್ಮಗಡದ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ ಮಕ್ಕಳೂ ಸೇರಿ ಹತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಆ ದುಃಖ ಕಾರವಾರದ ಮನೆಗಳಲ್ಲಿ ಇನ್ನೂ ಆರಿಲ್ಲ. ದೋಣಿಯಲ್ಲಿ ಜನ ಕಡಿಮೆ ಇರಬೇಕು, ಜಾಕೆಟ್ಟಿನ ಪಟ್ಟಿ ಪ್ರತಿ ಮಗುವಿಗೂ ಬಿಗಿಯಾಗಿ ಕಟ್ಟಿರಬೇಕು, ಏಳಬೇಕಾದರೆ ಕೇಳಿಯೇ ಏಳಬೇಕು. ಕಡಲಿನ ಪ್ರೀತಿ ಕಲಿಯುವವರು ಕಡಲಿನ ಮರ್ಯಾದೆಯನ್ನು ಮೊದಲು ಕಲಿಯಬೇಕು.

ಗಾಳದ ಸಾಮಾನು ನೋಡಿದರೆ ಇಷ್ಟೇನಾ ಅನಿಸುತ್ತದೆ. ಒಂದು ಮರದ ತುಂಡಿಗೆ ಸುತ್ತಿದ ನೈಲಾನ್ ನೂಲು, ತುದಿಯಲ್ಲಿ ಸೀಸದ ಗುಂಡು, ಅದರ ಮೇಲೆ ಗೇಣುದ್ದದ ಕವಲಿನಲ್ಲಿ ಎರಡು ಸಣ್ಣ ಗಾಳ. ರಾಟೆ, ಕೋಲು ಯಾವುದೂ ಬೇಡ. ಕೋಲು ಹಿಡಿದವರಿಗೆ ಮೀನಿನ ಸುದ್ದಿ ಕೋಲಿನ ತುದಿ ಬಾಗಿದಾಗ ಕಣ್ಣಿಗೆ ತಿಳಿಯುತ್ತದೆ. ಕೈನೂಲಿನಲ್ಲಿ ಸುದ್ದಿ ನೇರ ಚರ್ಮಕ್ಕೆ ಬರುತ್ತದೆ. ಮಕ್ಕಳಿಗಾಗಿ ಮಾಮ ಗಾಳದ ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿಡುತ್ತಾರೆ. ಬೆರಳಿಗೆ ಚುಚ್ಚಿದರೂ ಸಲೀಸಾಗಿ ಬಿಡಿಸಬಹುದು, ಬಿಟ್ಟುಬಿಡಬೇಕಾದ ಮೀನಿಗೂ ಗಾಯ ಕಡಿಮೆ. ಎರೆಗೆ ಸಿಗಡಿಯ ತುಣುಕು, ಇಲ್ಲದಿದ್ದರೆ ಬಂಗುಡೆಯ ಹೊಟ್ಟೆಯ ಬಿಳಿ ಪಟ್ಟಿ. ಎರೆ ಪೋಣಿಸುವುದನ್ನು ಮಕ್ಕಳಿಗೇ ಬಿಡಬೇಕು. ಮೊದಲು ಮೂಗು ಮುಚ್ಚಿಕೊಂಡ ಹುಡುಗ ಅರ್ಧ ತಾಸಿನಲ್ಲಿ ಸಿಗಡಿಯ ಬಾಲದಿಂದ ತಲೆಯ ಕಡೆಗೆ ಗಾಳ ನುಸುಳಿಸಿ, ತುದಿಯಷ್ಟೇ ಕಾಣುವಂತೆ ಒಪ್ಪ ಮಾಡುತ್ತಾನೆ. ಕೈಗೆ ಕೆಲಸ ಒಲಿದ ಕ್ಷಣ ಮುಖದಲ್ಲಿ ಏಳುವ ಆ ಗಾಂಭೀರ್ಯ ನೋಡಲೇಬೇಕಾದದ್ದು.

ಲಂಗರು ಕಚ್ಚಿತು. ಎಂಜಿನ್ ನಿಂತಿತು. ಈಗ ನೂಲು ಬಿಡಬೇಕು. ಸೀಸದ ಗುಂಡು ಇಳಿಯುತ್ತ ಹೋಗಿ ಒಮ್ಮೆಗೇ ಕೈ ಹಗುರಾಗುತ್ತದೆ. ಅದು ತಳ. ಒಂದು ಮೊಳ ಮೇಲೆಳೆದು, ನೂಲನ್ನು ತೋರುಬೆರಳಿನ ಮೊದಲ ಗೆಣ್ಣಿನ ಮೇಲೆ ಹಾಯಿಸಿ, ಹೆಬ್ಬೆರಳಿನಿಂದ ಹಗುರಾಗಿ ಒತ್ತಿ ಹಿಡಿಯಬೇಕು. ಬಿಗಿ ಹಿಡಿದರೆ ಏನೂ ಕೇಳಿಸದು, ಸಡಿಲ ಬಿಟ್ಟರೂ ಕೇಳಿಸದು. ‘ಕಣ್ಣು ಮುಚ್ಚು ತಂಗೀ, ಈಗ ಹೇಳು, ಕೆಳಗೆ ಏನಿದೆ?’ ಎಂದು ಮಾಮ ಕೇಳುತ್ತಾರೆ. ನನ್ನ ಮಗಳು ಕಣ್ಣು ಮುಚ್ಚಿ ಗುಂಡನ್ನು ಮೆಲ್ಲಗೆ ಎತ್ತಿ ಇಳಿಸುತ್ತಾಳೆ. ಮರಳಾದರೆ ಗುಂಡು ಮೆತ್ತಗೆ ಕೂರುತ್ತದೆ. ಕಲ್ಲಾದರೆ ಟಕ್ಕೆಂದು ನೂಲಿನುದ್ದಕ್ಕೂ ಸದ್ದು ಏರಿ ಬರುತ್ತದೆ. ಕೆಸರಾದರೆ ಎತ್ತುವಾಗ ತಳ ಅದನ್ನು ಒಂದು ಗಳಿಗೆ ಹಿಡಿದಿಟ್ಟುಕೊಳ್ಳುತ್ತದೆ. ‘ಮರಳು… ಅಲ್ಲ, ಮರಳಿನಲ್ಲಿ ಒಂದು ಕಲ್ಲು’ ಎನ್ನುತ್ತಾಳೆ. ಕಣ್ಣಿಗೆ ಎಂದೂ ಕಾಣದ ನೆಲವೊಂದನ್ನು ಅವಳ ಬೆರಳು ಓದುತ್ತಿದೆ. ಮೀನು ಸಿಗುವ ಮೊದಲೇ ಸಿಕ್ಕಿದ ಈ ಆನಂದ ಇಡೀ ದಿನದ ಹಬ್ಬಕ್ಕೆ ಮುನ್ನುಡಿ.

ಆಮೇಲೆ ಮೀನುಗಳು ಒಂದೊಂದಾಗಿ ತಮ್ಮ ಗುರುತು ಹೇಳತೊಡಗುತ್ತವೆ. ಉಡುಪಿ, ಮಂಗಳೂರಿನವರು ಕಾಣೆ ಎನ್ನುವ, ಕಾರವಾರ ಕಡೆಯವರ ನೊಗ್ಲಿ, ಟಕಟಕನೆ ಎರಡು ಸಲ ಕುಟ್ಟಿ ಒಂದು ಗಳಿಗೆ ಸುಮ್ಮನಾಗುತ್ತದೆ. ಮತ್ತೆ ಕುಟ್ಟುವಾಗ ಎಳೆಯಬೇಕು. ಮುರು ಮೀನಿಗೆ ಕುಟ್ಟುವ ವ್ಯವಧಾನವಿಲ್ಲ. ಒಂದೇ ಎಳೆತಕ್ಕೆ ಎರೆ ನುಂಗಿ ಬಂಡೆಯ ಪೊಟರೆಗೆ ನುಗ್ಗುತ್ತದೆ, ತಡ ಮಾಡಿದರೆ ನೂಲು ಕಲ್ಲಿನ ಪಾಲು. ತೇಡೆ ತೂಕ ಬಿಟ್ಟು ಜಗ್ಗುತ್ತದೆ, ತಲೆ ಆಡಿಸುವುದು ನೂಲಿನಲ್ಲಿ ಗೊತ್ತಾಗುತ್ತದೆ. ಏಡಿ ಕಚ್ಚಿದರೆ ಒದ್ದೆ ಬಟ್ಟೆಯನ್ನು ಬಾವಿಯಿಂದ ಎತ್ತಿದ ಹಾಗೆ, ಭಾರವಿದೆ, ಜೀವದ ಮಿಡಿತವಿಲ್ಲ. ನೀರಿನ ಮೇಲೆ ಬಂದೊಡನೆ ಅದು ಕೈಬಿಟ್ಟು ಹೋಗುತ್ತದೆ. ಸದ್ದಿಲ್ಲದೆ ಎರೆ ಮಾಯವಾಗಿ ಬರಿ ಗಾಳ ಮೇಲೆ ಬಂದರೆ ಹೊಟ್ಟೆ ಉಬ್ಬಿಸುವ ಮೀನಿನ ಕೆಲಸವಿರಬಹುದು. ಕೊಕ್ಕಿನಂತೆ ಕೂಡಿಕೊಂಡ ಅದರ ಹಲ್ಲು ನೂಲನ್ನೇ ಕತ್ತರಿಸಬಲ್ಲದು. ಹೊತ್ತು ಕಳೆದಂತೆ ಮಕ್ಕಳು ಎಳೆಯುವ ಮೊದಲೇ ಹೆಸರು ಕೂಗುತ್ತಾರೆ. ಅವರು ಕೂಗಿದ್ದೂ ಮೇಲೆ ಬಂದದ್ದೂ ಒಂದೇ ಆದಾಗ ದೋಣಿಯಲ್ಲಿ ಏಳುವ ಬೊಬ್ಬೆಗೆ ಬಂಡೆಯ ಮೇಲಿನ ಹಕ್ಕಿಗಳೆಲ್ಲ ಹಾರಬೇಕು!

ಮಗಳ ನೂಲಿಗೆ ಬಂದ ನೊಗ್ಲಿಯನ್ನು ಹತ್ತಿರದಿಂದ ನೋಡೋಣ. ಗೇಣಿಗಿಂತ ತುಸು ಉದ್ದ. ಬೆನ್ನು ಒದ್ದೆ ಮರಳಿನ ಬಣ್ಣ, ಪಕ್ಕ ಬೆಳ್ಳಿ, ಹೊಟ್ಟೆ ಹಾಲಿನ ಬಿಳುಪು. ಮೂತಿ ಚೂಪಾಗಿ ಮುಂದೆ ಚಾಚಿದೆ, ಬಾಯಿ ಸಣ್ಣದು, ಮರಳು ಕೆದಕಿ ಹುಳು ಹೆಕ್ಕಲು ತಕ್ಕದ್ದು. ಬೆದರಿದರೆ ಈ ಮೀನು ಮರಳಿಗೇ ಹೊಕ್ಕು ಅಡಗುತ್ತದೆ. ಬೆಳಕಿಗೆ ಹಿಡಿದರೆ ಬಾಲದ ಬಳಿ ಮೈ ಅರೆಪಾರದರ್ಶಕವಾಗಿ, ಒಳಗಿನ ಬೆನ್ನೆಲುಬಿನ ನೆರಳು ಕಾಣುತ್ತದೆ. ಪಕ್ಕದ ಮೇಲೆ ಕಿವಿರಿನಿಂದ ಬಾಲದವರೆಗೆ ಒಂದು ಸಣ್ಣ ಗೆರೆ. ನೀರಿನ ಅಲುಗಾಟವನ್ನು ಮೀನು ಅರಿಯುವುದು ಆ ಗೆರೆಯಿಂದ. ‘ಹಾಗಾದರೆ ನಾನು ಬೆರಳಿನಿಂದ ಮೀನನ್ನು ನೋಡಿದೆ, ಅದು ಮೈಯಿಂದ ನನ್ನ ಗಾಳ ನೋಡಿತು’ ಎಂದಳು ಮಗಳು. ಪಾಠವೊಂದು ಇಷ್ಟು ಸೊಗಸಾಗಿ ಮನಸ್ಸಿಗೆ ಇಳಿದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ತೇಡೆ ಬಂದಾಗ ಮಾತ್ರ ಮಾಮ ಯಾರಿಗೂ ಮುಟ್ಟಗೊಡುವುದಿಲ್ಲ. ಬೆನ್ನಿನ ಮತ್ತು ಪಕ್ಕದ ರೆಕ್ಕೆಗಳಲ್ಲಿ ವಿಷದ ಮುಳ್ಳುಗಳಿವೆ. ಆದರೆ ಆ ಮೀಸೆಯ ಮೀನಿನ ಕತೆ ಹೇಳಿದರೆ ಮಕ್ಕಳು ಬಾಯಿ ಬಿಟ್ಟು ಕೇಳುತ್ತಾರೆ. ಹೆಣ್ಣು ಇಟ್ಟ ಮೊಟ್ಟೆಗಳನ್ನು ಗಂಡು ತನ್ನ ಬಾಯಿಯೊಳಗೆ ತುಂಬಿಕೊಂಡು ವಾರಗಟ್ಟಲೆ ಕಾಯುತ್ತದೆ. ಮರಿಗಳು ಹೊರಬಂದು ಸ್ವಂತವಾಗಿ ಈಜುವವರೆಗೆ ಅಪ್ಪನಿಗೆ ಉಪವಾಸ. ಅಂಥ ಅಪ್ಪನೊಬ್ಬ ಗಾಳಕ್ಕೆ ಬಂದರೆ ಏನು ಮಾಡುವುದೆಂದು ಮಕ್ಕಳನ್ನು ಕೇಳಬೇಕಾಗಿಯೇ ಇಲ್ಲ. ಮುರುವಿನ ಕತೆ ಇನ್ನೂ ವಿಚಿತ್ರ. ಹೆಚ್ಚಿನ ಮುರು ಮೀನುಗಳು ಹೆಣ್ಣಾಗಿ ಬೆಳೆದು, ದೊಡ್ಡದಾದ ಮೇಲೆ ಗಂಡಾಗುತ್ತವೆ. ದೊಡ್ಡವನ್ನೆಲ್ಲ ಹಿಡಿದರೆ ಗಂಡುಗಳ ಬರ, ಚಿಕ್ಕವನ್ನೆಲ್ಲ ಹಿಡಿದರೆ ವಂಶವೇ ನಿಂತೀತು. ಅಂಗೈಯುದ್ದದ ಮುರುವನ್ನು ನನ್ನ ತಂಗಿಯ ಮಗ ಎರಡೂ ಕೈಯಲ್ಲಿ ನೀರಿನೊಳಗೇ ಹಿಡಿದು, ಅದು ಬಾಲ ಬೀಸುವವರೆಗೆ ಕಾದು, ಬಿಟ್ಟುಕೊಟ್ಟ. ಹಿಡಿದದ್ದಕ್ಕಿಂತ ಬಿಟ್ಟದ್ದರ ಹೆಮ್ಮೆ ಅವನ ಮುಖದಲ್ಲಿ ಹೆಚ್ಚಾಗಿತ್ತು. ಉಬ್ಬುವ ಮೀನನ್ನೂ ಹಾಗೆಯೇ ನೀರಿನಲ್ಲೇ ಬಿಡಿಸಬೇಕು. ಅದರ ಮೈಯಲ್ಲಿ ವಿಷವಿರುವುದರಿಂದ ತಿನ್ನುವಂತಿಲ್ಲ, ಗಾಳಿ ಕುಡಿದು ಉಬ್ಬಿದರೆ ಮತ್ತೆ ಮುಳುಗಲು ಅದಕ್ಕೆ ಕಷ್ಟ.

ಮೀನು ಕಚ್ಚದ ಹೊತ್ತೂ ಬರುತ್ತದೆ. ಅದರ ಸೊಗಸೇ ಬೇರೆ. ಮಾಮ ದೋಣಿಯ ಅಡಿಹಲಗೆಗೆ ಕಿವಿ ಒತ್ತಲು ಹೇಳುತ್ತಾರೆ. ಕೊಡ್ಡಾಯಿ ಮೀನುಗಳ ಹಿಂಡು ಕೆಳಗಿದ್ದರೆ ಗೊರಗೊರ ಸದ್ದು ಮರದ ಮೂಲಕ ಏರಿ ಬರುತ್ತದೆ. ಒಡಲೊಳಗಿನ ಗಾಳಿಚೀಲದ ಮೇಲೆ ಸ್ನಾಯುಗಳನ್ನು ಮಿಡಿದು ಅವು ಹೊರಡಿಸುವ ಸದ್ದು ಅದು. ಸಮುದ್ರ ಮೂಕವೆಂದು ಇಷ್ಟು ದಿನ ತಿಳಿದವರಿಗೆ ಅದು ಮಾತಾಡುವುದು ಕೇಳಿದ ಬೆರಗು. ತಲೆಯೆತ್ತಿದರೆ ಬಿಳಿ ಹೊಟ್ಟೆಯ ಕಡಲ ಹದ್ದು ದ್ವೀಪದ ಮರಗಳ ಮೇಲೆ ಸುತ್ತು ಹಾಕುತ್ತಿರುತ್ತದೆ. ಅಳಿವೆಯ ಕಡೆ ನೋಡಿದರೆ ನದಿಯ ಮಂದ ನೀರೂ ಕಡಲಿನ ಹಸಿರು ನೀರೂ ಸೇರುವ ಗೆರೆ. ಆ ಗೆರೆಯುದ್ದಕ್ಕೆ ಗೂನುಬೆನ್ನಿನ ಡಾಲ್ಫಿನ್‌ಗಳು ಬೆನ್ನು ತೋರಿಸಿ ಮುಳುಗುತ್ತವೆ. ಅವೂ ಮೀನು ಹಿಡಿಯಲು ಬಂದವು, ಅವುಗಳ ಜೊತೆಗೂ ಮರಿಗಳು. ಮಕ್ಕಳು ಇದನ್ನು ಕಂಡು ಬಹಳ ಸಮಾಧಾನಪಟ್ಟರು, ಕಡಲಿನಲ್ಲಿ ತಮ್ಮ ಓರಗೆಯವರು ಸಿಕ್ಕರೆಂದು.

ಕಾರವಾರದ ಕಡಲಿಗೆ ಇಂಥದೊಂದು ಪಾಠ ಕಲಿಸುವುದು ಹಳೆಯ ರೂಢಿ. 1883ರಲ್ಲಿ ಇಪ್ಪತ್ತೆರಡರ ತರುಣ ರವೀಂದ್ರನಾಥ ಟಾಗೋರರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದರು. ಬೆಳದಿಂಗಳ ರಾತ್ರಿಯಲ್ಲಿ ಕಾಳಿಯಲ್ಲಿ ದೋಣಿ ವಿಹಾರ ಮಾಡಿದರು. ಇಲ್ಲಿಯೇ ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದರು. ಲೋಕದ ಬಂಧವನ್ನೆಲ್ಲ ಹರಿದುಕೊಂಡು ಅನಂತವನ್ನು ಗೆಲ್ಲಹೊರಟ ಸಂನ್ಯಾಸಿಯನ್ನು ಒಬ್ಬ ಪುಟ್ಟ ಹುಡುಗಿಯ ಪ್ರೀತಿ ಮತ್ತೆ ಲೋಕಕ್ಕೆ ಕರೆತರುತ್ತದೆ. ದೊಡ್ಡದು ಸಿಗುವುದು ಚಿಕ್ಕದರಲ್ಲಿ, ಅಪಾರ ಸಿಗುವುದು ಪ್ರೀತಿಯ ಸಣ್ಣ ಅಳತೆಯಲ್ಲಿ ಎಂಬುದು ಅದರ ತಿರುಳು. ದಿಗಂತದವರೆಗೆ ಹಬ್ಬಿದ ಈ ನೀರಿನ ಎದುರು, ಗಾಳ ಹಿಡಿದ ಮಗುವಿನ ಪಕ್ಕದಲ್ಲಿ ಕೂತವರಿಗೆ ಆ ತಿರುಳು ತಾನಾಗಿ ತಿಳಿಯುತ್ತದೆ. ಅರಬ್ಬಿ ಸಮುದ್ರವನ್ನು ಯಾರಿಗೂ ಪೂರ್ತಿ ಕೊಡಲಾಗದು. ಒಂದು ಬಂಡೆಯ ಮಗ್ಗುಲಷ್ಟನ್ನು ಕೊಡಬಹುದು, ಅಷ್ಟರಲ್ಲೇ ಎಲ್ಲವೂ ಇದೆ.

ಕರಾವಳಿಯ ಮಕ್ಕಳಿಗೆ ಹೀಗೆ ಕಡಲನ್ನು ಕೈಯಿಂದ ಅರಿಯುವುದು ಒಂದು ಕಾಲಕ್ಕೆ ದಿನನಿತ್ಯದ ಬದುಕಾಗಿತ್ತು. ಊರಿಗೆ ಊರೇ ಸೇರಿ ರಂಪಣಿ ಬಲೆ ಎಳೆಯುತ್ತಿದ್ದ ದಿನಗಳಲ್ಲಿ ಹಗ್ಗಕ್ಕೆ ಕೈಹಚ್ಚಿದ ಹುಡುಗರಿಗೂ ಬಂಗುಡೆಯ ಪಾಲು ಸಿಗುತ್ತಿತ್ತು. 1970ರ ದಶಕದಲ್ಲಿ ಪರ್ಸೀನ್ ದೋಣಿಗಳು ಬಂದು ರಂಪಣಿ ಮರೆಯಾಯಿತು. ಏಂಡಿ ಬಲೆ ಎಳೆಯುವುದು ಕಾರವಾರದ ದಂಡೆಯಲ್ಲಿ ಈಗಲೂ ಕಾಣಸಿಗುತ್ತದೆ, ಎಳೆಯುವ ಕೈಗಳಲ್ಲಿ ಚಿಕ್ಕವು ಕಡಿಮೆಯಾಗಿವೆ. ಹರಿಕಂತ್ರರು, ಖಾರ್ವಿಗಳು, ಗಾಬಿತರು, ಅಂಬಿಗರು ತಲೆಮಾರುಗಳಿಂದ ಕೂಡಿಟ್ಟ ತಿಳಿವು ಪುಸ್ತಕದಲ್ಲಿಲ್ಲ, ಕೈಯಲ್ಲಿದೆ. ಕೈಯಿಂದ ಕೈಗೇ ಅದು ದಾಟಬೇಕು. ನಮ್ಮ ಮಗಳ ಬೆರಳನ್ನು ಹಿಡಿದು ನೂಲಿನ ಮೇಲೆ ಸರಿಯಾಗಿ ಇರಿಸಿದಾಗ ಮಾಮ ಆ ದೊಡ್ಡ ಕೆಲಸವನ್ನೇ ಮಾಡುತ್ತಿದ್ದರು. ‘ಎಳೀಬೇಡ ತಂಗೀ, ಅದು ಇನ್ನೂ ಮೂಸಿ ನೋಡ್ತಾ ಇದೆ. ಬಿಡು, ಬಿಡು… ಈಗ!’ ಎನ್ನುವ ಮಾತಿನಲ್ಲಿ ಎಷ್ಟು ಜನರ ಎಷ್ಟು ಬೆಳಗುಗಳ ಅನುಭವ ಅಡಕವಾಗಿದೆ!

ಮನೆಗೆ ತರುವುದು ಒಂದು ಹೊತ್ತಿನ ಊಟಕ್ಕಾಗುವಷ್ಟೇ. ಮೀನು ಶುಚಿ ಮಾಡುವಾಗಲೂ ಮಕ್ಕಳು ಪಕ್ಕದಲ್ಲಿರಬೇಕು. ಕೊಡ್ಡಾಯಿಯ ತಲೆಯೊಳಗೆ ಎರಡು ಬಿಳಿ ಕಲ್ಲುಗಳು ಸಿಗುತ್ತವೆ. ಅವು ಮೀನಿನ ಕಿವಿಯ ಕಲ್ಲುಗಳು. ಅಡ್ಡ ಕೊಯ್ದು ನೋಡಿದರೆ ಉಂಗುರದ ಮೇಲೆ ಉಂಗುರ, ಅವನ್ನು ಎಣಿಸಿ ಮೀನಿನ ವಯಸ್ಸು ಹೇಳುತ್ತಾರೆ. ನೊಗ್ಲಿಗೆ ಅರಿಶಿನ, ಉಪ್ಪು, ಮೆಣಸಿನಪುಡಿ, ಮುರುಗಲಿನ ಹುಳಿ ಹಚ್ಚಿ, ರವೆಯಲ್ಲಿ ಹೊರಳಿಸಿ ಕಾವಲಿಗೆ ಹಾಕಿದರೆ ಮನೆಯೆಲ್ಲ ಘಮ. ಉಳಿದ ಮೀನಿಗೆ ತೆಂಗಿನಕಾಯಿ ಅರೆದು, ಜುಮ್ಮನಕಾಯಿ ಜಜ್ಜಿ ಹಾಕಿದ ಸಾರು, ಜೊತೆಗೆ ಕುಚ್ಚಲಕ್ಕಿ ಅನ್ನ. ಬೆಳಗ್ಗೆ ನೀರಿನಲ್ಲಿದ್ದ ಮೀನಿನ ಮಾಂಸ ಬೆಂದಾಗ ಬಿಳಿ ಪದರ ಪದರವಾಗಿ ಬಿಡುತ್ತದೆ, ಅದರಲ್ಲಿ ಒಂದು ಸಿಹಿ ಇರುತ್ತದೆ. ಅಂಗಡಿಯ ಮೀನಿಗೆ ಮುಖ ತಿರುಗಿಸುವ ಮಗು ತಾನು ಹಿಡಿದ ಮೀನಿನ ಮುಳ್ಳನ್ನು ಒಂದೊಂದಾಗಿ ಬಿಡಿಸಿ, ತಟ್ಟೆಯ ಅಂಚಿಗೆ ಸಾಲಾಗಿಟ್ಟು, ಚೂರೂ ಬಿಡದೆ ಉಣ್ಣುತ್ತದೆ. ಒಂದು ಜೀವ ತನಗಾಗಿ ಹೋಗಿದೆ ಎಂಬುದು ಅದಕ್ಕೆ ಗೊತ್ತು. ಆ ಗೊತ್ತಿನಿಂದ ಬಂದ ಗೌರವವೂ ಊಟದ ರುಚಿಯ ಒಂದು ಪಾಲು.

ಮಕ್ಕಳಿಗೆ ನಾವು ಕೊಡುವ ಬಹಳಷ್ಟು ಸಂತೋಷಗಳು ಕೊಂಡು ತಂದವು, ಕೈಗಿಟ್ಟ ಕ್ಷಣ ಪೂರ್ತಿಯಾಗಿ ಮುಗಿಯುವಂಥವು. ಇದು ಕೊಟ್ಟಮೇಲೆ ಬೆಳೆಯುವ ಸಂತೋಷ. ನಮ್ಮ ಮನೆಯಲ್ಲಿ ಈಗ ಕ್ಯಾಲೆಂಡರಿನ ತಿಥಿ ನೋಡುವುದು ಅಜ್ಜಿ ಒಬ್ಬರೇ ಅಲ್ಲ. ಅಜ್ಜಿಗೆ ಏಕಾದಶಿ ಯಾವತ್ತೆಂದು ಬೇಕು, ಮೊಮ್ಮಗಳಿಗೆ ತದಿಗೆ ಯಾವತ್ತೆಂದು ಬೇಕು. ಊಟಕ್ಕೆ ಕೂತಾಗ ‘ಈಗ ಕೂರ್ಮಗಡದಲ್ಲಿ ನೀರು ಏರ್ತಾ ಇರಬಹುದು ಅಲ್ವಾ ಅಪ್ಪ?’ ಎಂದು ಕೇಳುತ್ತಾಳೆ. ಲೆಕ್ಕ ಹಾಕಿ ನೋಡಿದರೆ, ಹೌದು, ಏರುತ್ತಿರುತ್ತದೆ.